ಒಂದು ಕಪ್ ಕಾಫಿಗೆ 280 ರೂಪಾಯಿ: ಲೆಕ್ಕ ಒಪ್ಪಿಸುವವರು ಯಾರು?

ಬೆಂಗಳೂರಿನಲ್ಲಿ ಕಾಫಿಯನ್ನು ಕಂಡುಹಿಡಿಯಲಾಗಿದೆ! ರಾಜಧಾನಿಯ ಪತ್ರಿಕೆಗಳು ಕೆಲವು ವರ್ಷಗಳಿಂದ ಹೊಡೆಯುತ್ತಿರುವ ಡಂಗುರವನ್ನು ಕೇಳಿದವರಿಗೆ ಹೀಗೆಂದೇ ತೋರಬೇಕು. ವೈಟ್‌ಫೀಲ್ಡಿನಲ್ಲಿ ಒಂದು ಅಂಗಡಿ ತೆರೆದರೆ ಪುಟದ ತುಂಬ ಚಿತ್ರ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು ತೆರೆದರೆ ಅದಕ್ಕೆ ಮತ್ತೊಂದು ಪುಟ. ಇವಕ್ಕೆ ಸ್ಪೆಷಾಲ್ಟಿ ಕಾಫಿ ಅಂಗಡಿಗಳೆಂದು ಹೆಸರು. ಯೆಮನ್ನಿನಿಂದ ಏಳು ಬೀಜಗಳನ್ನು ತಂದ ಬಾಬಾ ಬುಡನ್ ಅವರ ಕತೆಯನ್ನು ಮುನ್ನೂರು ವರ್ಷಗಳಿಂದ ಹೇಳಿಕೊಂಡು ಬಂದಿರುವ ನಾಡು ನಮ್ಮದು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳದು. ಇಂಥ ನಾಡಿನ ರಾಜಧಾನಿಗೆ ಕಾಫಿಯ ರುಚಿ ತಿಳಿಯಲು ಈ ಅಂಗಡಿಗಳೇ ಬರಬೇಕಾಯಿತಂತೆ!

ನಮ್ಮ ಓದುಗರಲ್ಲಿ ಅನೇಕರಿಗೆ ಈ ವಿಷಯ ದೂರದ್ದೆನಿಸಬಹುದು. ಗಿರಣಿಯ ಪಾಳಿ ಮುಗಿಸಿ ಬಂದವನಿಗೆ ಬೈ-ಟು ಕಾಫಿಯೇ ದೊಡ್ಡದು. ಬೆಂಗಳೂರಿನ ಶೋಕಿಯ ಸುದ್ದಿ ಅವನಿಗೇಕೆ? ಆದರೆ ಆ ಕಾಫಿಯ ಬೀಜ ಬಿಡಿಸಿದ ಕೈ ನಮ್ಮ ಕಡೆಯದು, ಆ ಅಂಗಡಿಯ ಆಚೆ ಬೀದಿಯ ಕಾರ್ಖಾನೆಯಲ್ಲಿ ದುಡಿಯುವವರು ನಮ್ಮ ಮಕ್ಕಳು, ಅದರ ಪಕ್ಕದಲ್ಲಿ ಬೇಕರಿ ಇಟ್ಟುಕೊಂಡು ಬಾಳುವವನು ನಮ್ಮಂಥ ಸಣ್ಣ ವ್ಯಾಪಾರಿ. ಆದ್ದರಿಂದ ಈ ಕಪ್ಪಿನ ಲೆಕ್ಕವನ್ನು ಕೇಳುವ ಹಕ್ಕು ನಮಗುಂಟು.

ನಮ್ಮ ಕಡೆಯ ಬಸ್ಸು ತುಮಕೂರು ರಸ್ತೆಯಲ್ಲಿ ಮೊದಲು ಪೀಣ್ಯವನ್ನು ಹಾಯುತ್ತದೆ. ಅಲ್ಲಿ ಇಳಿದು ಎಂಟನೇ ಮೈಲಿಯಿಂದ ಒಳಗೆ, ಲೇಥು, ಪ್ರೆಸ್ಸು, ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಒಂದು ಬೆಳಿಗ್ಗೆಯೆಲ್ಲ ಓಡಾಡಿದೆವು. ತಳ್ಳುಗಾಡಿಯ ಚಹಾ, ಗೂಡಂಗಡಿಯ ಕಾಫಿ, ಪೇಪರ್ ಲೋಟ. ಬೆಲೆ ಹತ್ತು, ಹದಿನೈದು. ನಾವು ಸುತ್ತಿದ ಬೀದಿಗಳಲ್ಲಿ ಸ್ಪೆಷಾಲ್ಟಿ ಅಂಗಡಿ ಒಂದೂ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಾಯಿಸಿ ವೈಟ್‌ಫೀಲ್ಡಿಗೆ ಹೋದೆವು. (2025ರ ಫೆಬ್ರವರಿಯಲ್ಲಿ ಈ ರೈಲಿನ ಗರಿಷ್ಠ ದರವನ್ನು 60ರಿಂದ ಒಮ್ಮೆಗೇ 90 ರೂಪಾಯಿಗೆ ಏರಿಸಿದರು, ಅದರ ಮೇಲೆ ಬೇರೆಯೇ ಬರೆಯಬೇಕು.) ಅಲ್ಲಿ ಗಾಜಿನ ಗೋಡೆಯ, ತಣ್ಣನೆ ಗಾಳಿಯ ಒಂದು ಅಂಗಡಿಯನ್ನು ಹೊಕ್ಕೆವು.

ಗೋಡೆಗೆ ಒಂದು ದೊಡ್ಡ ಕರಿಹಲಗೆ. ಮೇಷ್ಟರ ಕೆಲಸ ಬಿಟ್ಟರೂ ಕರಿಹಲಗೆ ಕಂಡರೆ ಓದದೆ ಇರಲಾಗದು. ತೋಟದ ಹೆಸರು, ತೋಟ ಸಮುದ್ರಮಟ್ಟದಿಂದ ಎಷ್ಟು ಮೀಟರು ಎತ್ತರದಲ್ಲಿದೆ ಎಂಬುದು, ಗಿಡದ ತಳಿ ಎಸ್. 795, ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೋ, ಪಲ್ಪರಿಗೆ ಹಾಕಿ ತೊಳೆದು ಒಣಗಿಸಿದರೋ ಎಂಬ ವಿವರ, ಕುಡಿದಾಗ ನಾಲಿಗೆಗೆ ಕಿತ್ತಳೆ ಸಿಪ್ಪೆ ಮತ್ತು ಬೆಲ್ಲದ ನೆನಪಾಗಬೇಕೆಂಬ ಸೂಚನೆ ಕೂಡ. ಕೊನೆಗೆ ಬೆಲೆ: 280. ಗಿಡದ ಜಾತಕವನ್ನೇ ಬರೆದಿದ್ದ ಆ ಹಲಗೆಯಲ್ಲಿ ಆ ಹಣ್ಣನ್ನು ಕೊಯ್ದವರಿಗೆ ಕೊಟ್ಟ ಕೂಲಿ ಎಷ್ಟು ಎಂಬ ಒಂದು ಸಾಲು ಇರಲಿಲ್ಲ.

ಕಾಫಿ ಚೆನ್ನಾಗಿತ್ತು. ಅದನ್ನು ಮುಚ್ಚಿಡಬೇಕಾದ್ದಿಲ್ಲ. ಹಾಲಿಲ್ಲದೆ, ಸಕ್ಕರೆಯಿಲ್ಲದೆ ಕುಡಿದರೂ ಕಹಿ ಎನಿಸದ ಕಾಫಿ. ಒಳ್ಳೆಯ ಕಾಫಿಯ ಮೇಲೆ ನಮಗೆ ಹಗೆಯಿಲ್ಲ. ಶ್ರಮಜೀವಿಯಾದವನು ಸುಟ್ಟ ಪುಡಿ, ನೀರು ಹಾಲು ಕುಡಿದೇ ಸಾಯಬೇಕೆಂದು ಯಾವ ಸಮಾಜವಾದವೂ ಹೇಳಿಲ್ಲ. ನಮ್ಮ ತಕರಾರು ಲೆಕ್ಕದ್ದು.

ಲೆಕ್ಕ ಮಾಡೋಣ. ಇಂಥ ಒಂದು ಕಪ್ಪಿಗೆ ಸುಮಾರು 18 ಗ್ರಾಂ ಹುರಿದ ಬೀಜ ಬೇಕು. ಹುರಿಯುವಾಗ ಬೀಜ ತನ್ನ ತೂಕದಲ್ಲಿ ಆರರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತದೆ. ಅಂದರೆ ಹಸಿ ಬೀಜ 21 ಗ್ರಾಂ ಮೇಲೆ. ಹೊಟ್ಟು ತೆಗೆಯುವ ಮುಂಚಿನ ಪಾರ್ಚ್‌ಮೆಂಟಿನ ಲೆಕ್ಕದಲ್ಲಿ 27 ಗ್ರಾಂ. ಬೆಳೆಗಾರನು ಮಾರುವುದು ಈ ಪಾರ್ಚ್‌ಮೆಂಟನ್ನು, 50 ಕಿಲೋ ಮೂಟೆಯ ಲೆಕ್ಕದಲ್ಲಿ. ಜಗತ್ತಿನ ಪೇಟೆಯಲ್ಲಿ ಕಾಫಿಯ ಬೆಲೆ 2025ರ ಆರಂಭದಲ್ಲಿ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಆ ಏರಿದ ಬೆಲೆಯನ್ನೇ ಹಿಡಿದು ಮೂಟೆಗೆ 25 ಸಾವಿರ, ಎಂದರೆ ಕಿಲೋಗೆ 500 ರೂಪಾಯಿ ಎಂದು ಇಟ್ಟುಕೊಳ್ಳಿ. ಆಗ ಈ 280 ರೂಪಾಯಿಯಲ್ಲಿ ಬೆಳೆಗಾರನಿಗೆ ಸಂದದ್ದು ಹದಿಮೂರೂವರೆ ರೂಪಾಯಿ. ಅದೂ ಒಳ್ಳೆಯ ವರ್ಷದಲ್ಲಿ.

ಇನ್ನು ಕೊಯ್ದವಳ ಪಾಲು. ಒಂದು ಕಿಲೋ ಹಸಿ ಬೀಜಕ್ಕೆ ಆರು ಕಿಲೋ ಹಣ್ಣು ಬೇಕೆಂದು ಹಿಡಿದರೆ ನಮ್ಮ ಕಪ್ಪಿಗೆ ಸುಮಾರು 130 ಗ್ರಾಂ ಹಣ್ಣು ಬೇಕು. ಕೊಯ್ಲಿನ ಕೂಲಿ ಕಿಲೋ ಹಣ್ಣಿಗೆ ಐದು ರೂಪಾಯಿ ಎಂದಾದರೆ ಅವಳಿಗೆ ಸಿಕ್ಕಿದ್ದು 65 ಪೈಸೆ. ನಮ್ಮ ತೋಟದಲ್ಲಿ ಮಾಗಿದ ಕೆಂಪು ಹಣ್ಣನ್ನೇ ಆರಿಸಿ ಕೊಯ್ಯಿಸುತ್ತೇವೆ, ಅದಕ್ಕೆ ಹೆಚ್ಚು ಕೊಡುತ್ತೇವೆ ಎನ್ನುವವರುಂಟು. ಎರಡರಷ್ಟು ಕೊಡಲಿ: ಒಂದು ರೂಪಾಯಿ ಮೂವತ್ತು ಪೈಸೆ. ಮಾಗಿದ್ದು ಯಾವುದು, ಕಸುಗಾಯಿ ಯಾವುದು ಎಂದು ಗೀರಿನಲ್ಲಿ ನಿಂತು ಕಣ್ಣಿನಿಂದಲೇ ತೂಗಿ, ಬೆರಳು ಗಾಯ ಮಾಡಿಕೊಂಡು, ಜಿಗಣೆ ಕಚ್ಚಿಸಿಕೊಂಡು ಬಿಡಿಸಿದ್ದು ಆ ಹೆಂಗಸು. ಕಿತ್ತಳೆ ಸಿಪ್ಪೆಯ ನೆನಪು ನಾಲಿಗೆಗೆ ಬಂದದ್ದು ಅವಳ ಆ ಆಯ್ಕೆಯಿಂದ. ಅಂಗಡಿಯವನು ಬಿಲ್ಲಿನಲ್ಲಿ ನೂರಕ್ಕೆ ಐದರಂತೆ ಸೇರಿಸುವ ಜಿ.ಎಸ್.ಟಿ.ಯೇ 14 ರೂಪಾಯಿ. ಸರ್ಕಾರದ ಪಾಲಿನಲ್ಲಿ ಹತ್ತರಲ್ಲೊಂದು ಪಾಲೂ ಅವಳದಲ್ಲ!

ಆ ತಳಿಯ ಹೆಸರನ್ನು ಮತ್ತೊಮ್ಮೆ ನೋಡಿ. ಎಸ್. 795. ಅದು ಯಾವ ಸಾಹುಕಾರನ ಸೃಷ್ಟಿಯೂ ಅಲ್ಲ. 1925ರಲ್ಲಿ ಮೈಸೂರು ಸಂಸ್ಥಾನದವರು ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗಶಾಲೆಯನ್ನು ತೆರೆದರು. ತುಕ್ಕುರೋಗಕ್ಕೆ ಸಿಕ್ಕಿ ತೋಟಗಳು ಬೋಳಾಗುತ್ತಿದ್ದಾಗ ಅಲ್ಲಿನ ವಿಜ್ಞಾನಿಗಳು ವರ್ಷಗಟ್ಟಲೆ ತಳಿ ಬೆರೆಸಿ, 1940ರ ದಶಕದಲ್ಲಿ ಈ ತಳಿಯನ್ನು ಬೆಳೆಗಾರರ ಕೈಗಿತ್ತರು. ಅದು ಪ್ರಜೆಗಳ ತೆರಿಗೆಯ ದುಡ್ಡು, ಸಂಬಳದ ನೌಕರರ ದುಡಿಮೆ. ಇಂದು ಅದೇ ಹೆಸರು ಗಾಜಿನ ಅಂಗಡಿಯಲ್ಲಿ ಬೆಲೆ ಏರಿಸುವ ಮಂತ್ರವಾಗಿದೆ. ಸಾರ್ವಜನಿಕರ ಬೀಜದಿಂದ ಸಾರ್ವಜನಿಕರು ಕುಡಿಯಲಾಗದ ಕಾಫಿ!

ತೋಟದ ಹೆಸರನ್ನು ಹಲಗೆಗೆ ಏರಿಸಿ ಬೆಳೆಗಾರನಿಗೆ ಗೌರವ ಕೊಟ್ಟೆವೆಂದು ಈ ವರ್ತಕರು ಎದೆ ತಟ್ಟಿಕೊಳ್ಳುತ್ತಾರೆ. ಯಾವ ಬೆಳೆಗಾರ? ಭಾರತದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಭೂಮಿಯುಳ್ಳ ಸಣ್ಣವರು. ಅವರ ಮೂಟೆ ಹೋಬಳಿಯ ವ್ಯಾಪಾರಿಯ ಗೋದಾಮಿನಲ್ಲಿ ನೂರು ಮೂಟೆಗಳೊಡನೆ ಬೆರೆತು ಹೆಸರು ಕಳೆದುಕೊಳ್ಳುತ್ತದೆ. ಹಲಗೆಗೆ ಏರುವುದು ಬಂಗಲೆಯಿದ್ದ ಎಸ್ಟೇಟುಗಳೇ ಹೆಚ್ಚು. ಹಿಂದೆ ಕಾಫಿ ಮಂಡಳಿಯೇ ಎಲ್ಲರ ಬೆಳೆಯನ್ನೂ ಒಟ್ಟು ಮಾಡಿ ಮಾರುತ್ತಿದ್ದ ಕಾಲದಲ್ಲಿ ಸಣ್ಣವನಿಗೆ ಸುಖವಿತ್ತೆಂದು ನಾವು ಹೇಳುವುದಿಲ್ಲ. ಕಂತು ಕಂತಾಗಿ ಬರುವ ಹಣಕ್ಕೆ ಬಾಯಿ ಬಿಟ್ಟುಕೊಂಡು ಕೂತ ಕಾಲ ಅದು. 1996ರಲ್ಲಿ ಆ ಕಟ್ಟುಪಾಡು ಪೂರ್ತಿ ಹೋಯಿತು. ಪೇಟೆ ಮುಕ್ತವಾಯಿತೆಂದು ಜಯಕಾರ ಹಾಕಿದವರೇ ಐದು ವರ್ಷದೊಳಗೆ ಜಗತ್ತಿನ ಬೆಲೆ ಕುಸಿದು ಬಿದ್ದಾಗ ಸರ್ಕಾರದ ಬಾಗಿಲಲ್ಲಿ ನಿಂತರು. ಆ ಕುಸಿತದಲ್ಲಿ ಮೊದಲು ಕೆಲಸ ಕಳೆದುಕೊಂಡವರು ಯಾರೆಂದು ಕೇಳಬೇಕೆ?

ಎಸ್ಟೇಟಿನ ಬಂಗಲೆಯ ಹಿಂದೆ ಲೈನ್ ಮನೆಗಳಿರುತ್ತವೆ. ಅಂಗಡಿಯ ಗೋಡೆಯ ಮೇಲಿನ ಸೊಗಸಾದ ಚಿತ್ರದಲ್ಲಿ ಮಂಜು ಕಾಣುತ್ತದೆ, ಸಿಲ್ವರ್ ಓಕ್ ಮರ ಕಾಣುತ್ತದೆ, ಕಾಳುಮೆಣಸಿನ ಬಳ್ಳಿ ಕಾಣುತ್ತದೆ. ಲೈನ್ ಮನೆ ಕಾಣುವುದಿಲ್ಲ. ಕೊಡಗಿನ ಯರವರು, ಜೇನುಕುರುಬರು ತಲೆತಲಾಂತರದಿಂದ ಅದರೊಳಗೆ ಹುಟ್ಟಿ ಅದರೊಳಗೇ ಸತ್ತವರು. ಕೆಲಸ ಬಿಟ್ಟರೆ ಮನೆ ಹೋಯಿತು, ಆದ್ದರಿಂದ ಕೆಲಸ ಬಿಡುವಂತಿಲ್ಲ. ಮನೆ, ವೈದ್ಯ, ಕೂಸಿನ ಆರೈಕೆ ಎಲ್ಲವೂ ಮಾಲೀಕನ ಹೊಣೆಯೆಂದು 1951ರಷ್ಟು ಹಿಂದೆಯೇ ಪಾರ್ಲಿಮೆಂಟು ತೋಟ ಕಾರ್ಮಿಕರ ಕಾಯ್ದೆಯನ್ನು ಮಾಡಿತ್ತು. 65 ವರ್ಷಗಳ ಮೇಲೆ, 2016ರ ಡಿಸೆಂಬರಿನಲ್ಲಿ, ಕೊಡಗಿನ ದಿಡ್ಡಳ್ಳಿಯಲ್ಲಿ ಏನಾಯಿತು? ಲೈನ್ ಮನೆಗಳ ಬದುಕು ಸಾಕೆಂದು ಹೊರಬಂದು ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಅರಣ್ಯ ಇಲಾಖೆಯವರು ಎಬ್ಬಿಸಿದರು, ಗುಡಿಸಲುಗಳನ್ನು ಕೆಡವಿದರು. ಚಳಿಗಾಲ; ಕಾಫಿ ಕೊಯ್ಲಿನ ಕಾಲ. ಅವರು ಅಲ್ಲಿಂದ ಕದಲದೆ ಹೋರಾಡಿದ್ದರಿಂದ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆಗಳ ಏರ್ಪಾಡಾಯಿತು. ಹೋರಾಡದವರು ಈಗಲೂ ಲೈನಿನಲ್ಲೇ ಇದ್ದಾರೆ. ಸ್ಥಳೀಯರು ಸಾಲದೆಂದು ಅಸ್ಸಾಮಿನಿಂದ ಬಂದವರು ಅವರ ಪಕ್ಕದ ಕೋಣೆಯಲ್ಲಿದ್ದಾರೆ. ಕಪ್ಪಿನಲ್ಲಿ ಬೆಲ್ಲದ ರುಚಿಯನ್ನು ಪತ್ತೆಹಚ್ಚುವಷ್ಟು ಸೂಕ್ಷ್ಮವಾದ ನಾಲಿಗೆಗೆ ಇದರ ರುಚಿ ಏಕೆ ಹತ್ತುವುದಿಲ್ಲವೋ ತಿಳಿಯದು.

ಒಂದು ಕಾಲದಲ್ಲಿ ನಮ್ಮ ಊರುಗಳ ಕಾಫಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ. ದಲಿತರಿಗೆ ಹೊರಗೆ, ಬೇರೆ ಲೋಟ. ಸಂವಿಧಾನದ 15ನೆಯ ಅನುಚ್ಛೇದ ಅಂಗಡಿ ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 80ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದಾಗ ನಿಂತು ತಿನ್ನುವ ಕಟ್ಟೆಯ ಮುಂದೆ ಆಟೋ ಚಾಲಕನೂ ಬ್ಯಾಂಕಿನ ಮ್ಯಾನೇಜರನೂ ಒಬ್ಬರ ಮೊಣಕೈ ಒಬ್ಬರಿಗೆ ತಾಗುವಂತೆ ನಿಂತು ಒಂದೇ ಕಾಫಿ ಕುಡಿದರು. ಯಾರೂ ಹೆಚ್ಚು ಹೊಗಳದಿದ್ದರೂ ಅದೊಂದು ಸಣ್ಣ ಕ್ರಾಂತಿಯೇ. ಹೊಸ ಅಂಗಡಿಯ ಬಾಗಿಲಲ್ಲಿ ಯಾರನ್ನೂ ತಡೆಯುವುದಿಲ್ಲ, ಜಾತಿ ಕೇಳುವುದಿಲ್ಲ. ಕೇಳುವ ಅಗತ್ಯವೇ ಬೀಳದಂತೆ ಬೆಲೆ ನೋಡಿಕೊಳ್ಳುತ್ತದೆ. ದಿನಕ್ಕೆ 550 ರೂಪಾಯಿ ದುಡಿಯುವ ಗಾರ್ಮೆಂಟ್ಸಿನ ಹೆಣ್ಣುಮಗಳು ಅಲ್ಲಿ ಒಂದು ಕಪ್ಪು ಕುಡಿಯಬೇಕಾದರೆ ಅರ್ಧ ದಿನಕ್ಕೂ ಹೆಚ್ಚು ಯಂತ್ರ ತುಳಿಯಬೇಕು.

ಹಾಗೆಂದು ಅಲ್ಲಿ ಲ್ಯಾಪ್‌ಟಾಪು ಬಿಚ್ಚಿಕೊಂಡು ಕೂತ ಹುಡುಗರ ಮೇಲೆ ಹಲ್ಲು ಕಡಿಯುವುದು ನಮ್ಮ ಕೆಲಸವಲ್ಲ. ನಾವು ಕಂಡಂತೆ ಅವರಲ್ಲಿ ಅರ್ಧಕ್ಕರ್ಧ ಮಂದಿ ಕಾಫಿ ಆರಿಹೋಗುವವರೆಗೂ ಕೆಲಸ ಮಾಡುತ್ತಲೇ ಇದ್ದರು. 2024ರ ಜುಲೈನಲ್ಲಿ ಐ.ಟಿ. ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಚಾಚುವ ಪ್ರಸ್ತಾಪ ರಾಜ್ಯ ಸರ್ಕಾರದ ಮುಂದೆ ಬಂದಾಗ ಅವರ ಸಂಘವೂ ಬೀದಿಗೆ ಬಂದು ಕೂಗಬೇಕಾಯಿತು. ಪಾಳಿಯ ಗಂಟೆಗಾಗಿ ಕೂಗಿದವನು ಮೇಜಿನ ಮುಂದೆ ಕೂತರೂ ಕಾರ್ಮಿಕನೇ. ಕಟ್ಟೆಯ ಹಿಂದೆ ಎಪ್ರನ್ ಕಟ್ಟಿಕೊಂಡು ಹಾಲಿನ ಮೇಲೆ ಎಲೆಯ ಚಿತ್ತಾರ ಬಿಡಿಸುವ ಹುಡುಗನೂ ಹಾಗೆಯೇ. ದಿನವೆಲ್ಲ ನಿಂತೇ ಇರುವವನಿಗೆ ತಾನು ಮಾಡಿದ ಕಪ್ಪನ್ನು ಕಾಸು ಕೊಟ್ಟು ಕೊಳ್ಳಲಾಗದು.

ಸಣ್ಣ ವ್ಯಾಪಾರಿಗಳ ಮಾತಿಗೆ ಬರೋಣ. 2025ರ ಜುಲೈ ತಿಂಗಳನ್ನು ಅವರು ಮರೆತಿರಲಾರರು. ಫೋನಿನಲ್ಲಿ ಹಣ ತೆಗೆದುಕೊಳ್ಳಿ, ದೇಶ ಮುಂದುವರಿಯುತ್ತದೆ ಎಂದು ಹೇಳಿದವರೇ, ಆ ಫೋನಿನ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ಲಕ್ಷ ಲಕ್ಷದ ತೆರಿಗೆ ನೋಟೀಸು ಕಳುಹಿಸಿದರು. ವಾಣಿಜ್ಯ ತೆರಿಗೆ ಇಲಾಖೆಯ ಆ ಕಾಗದ ಕಂಡು ಎದೆಯೊಡೆದ ಅಂಗಡಿಗಳವರು ಕ್ಯೂಆರ್ ಚೀಟಿಯನ್ನು ಕಿತ್ತು 'ನಗದು ಮಾತ್ರ' ಎಂದು ಬರೆದು ತೂಗುಹಾಕಿದರು. ಹಾಲು ಮಾರುವುದನ್ನು ನಿಲ್ಲಿಸಿ, ಹಾಲಿಲ್ಲದ ಚಹಾ ಕೊಟ್ಟು ಪ್ರತಿಭಟಿಸಿದರು. ಆಮೇಲೆ ಮುಖ್ಯಮಂತ್ರಿಗಳು ಕರೆದು ಮಾತನಾಡಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಭರವಸೆ ಕೊಡಬೇಕಾಯಿತು. ತೆರಿಗೆ ಕೊಡಬೇಕಾದವರು ಕೊಡಲಿ, ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಹತ್ತು ರೂಪಾಯಿಯ ಕಾಫಿಯನ್ನು ಬೇಕರಿಯವನು ವರ್ಷದಲ್ಲಿ ಎಷ್ಟು ಸಲ ಮಾರಿದನೆಂದು ಎಣಿಸಬಲ್ಲ ಸರ್ಕಾರಕ್ಕೆ, ತೋಟದಲ್ಲಿ ಎಷ್ಟು ಜನಕ್ಕೆ ಎಷ್ಟು ಕೂಲಿ ಸಿಕ್ಕಿತೆಂದು ಎಣಿಸಲು ಯಾವ ಫೋನೂ ಸಿಗಲಿಲ್ಲವೆ?

ಕಾಫಿಯ ವ್ಯಾಪಾರ ಹೀಗಲ್ಲದೆ ಬೇರೆ ರೀತಿ ನಡೆಯದು ಎನ್ನುವವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಭಾರತದ ಕಾಫಿಗೆ ಪ್ರಚಾರ ಕೊಡಲೆಂದು 1930ರ ದಶಕದಿಂದ ಕಾಫಿ ಹೌಸುಗಳನ್ನು ತೆರೆಯಲಾಯಿತು. ಮುಂದೆ ಕಾಫಿ ಮಂಡಳಿ ಅವನ್ನು ನಡೆಸುತ್ತಿತ್ತು. 50ರ ದಶಕದ ನಡುವೆ ಅದೇ ಮಂಡಳಿ ಇವು ಸಾಕೆಂದು ಮುಚ್ಚಲು ಹೊರಟಿತು. ಮಾಣಿಗಳು, ಅಡಿಗೆಯವರು, ಪಾತ್ರೆ ತೊಳೆಯುವವರು ಬೀದಿಗೆ ಬೀಳಬೇಕು. ಅವರು ಬೀಳಲಿಲ್ಲ. ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ (ಪಕ್ಷ ಬೇರೆಯಾದರೂ ಸತ್ಯ ಸತ್ಯವೇ) ತಾವೇ ಸಹಕಾರ ಸಂಘ ಕಟ್ಟಿಕೊಂಡು ಕಾಫಿ ಹೌಸುಗಳನ್ನು ವಹಿಸಿಕೊಂಡರು. ಅಂಥ ಸಂಘಗಳಲ್ಲಿ ಮೊಟ್ಟಮೊದಲನೆಯದು ಹುಟ್ಟಿದ್ದು ಎಲ್ಲಿ? ಇದೇ ಬೆಂಗಳೂರಿನಲ್ಲಿ, 1957ರ ಆಗಸ್ಟಿನಲ್ಲಿ. ಲೋಟ ತೊಳೆಯುವವನೇ ಪಾಲುದಾರ. ಎಂ. ಜಿ. ರಸ್ತೆಯ ಅವರ ಕಾಫಿ ಹೌಸಿನಲ್ಲಿ ವಿದ್ಯಾರ್ಥಿ, ಲೇಖಕ, ಕೆಲಸವಿಲ್ಲದವನು ಎಲ್ಲರೂ ಒಂದು ಕಾಫಿಗೆ ಗಂಟೆಗಟ್ಟಲೆ ಕೂತರು. 2009ರಲ್ಲಿ ಆ ಜಾಗ ತಪ್ಪಿ ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಅವರನ್ನು ಎಬ್ಬಿಸಿದ್ದು ನೆಲದ ಬೆಲೆ, ಕಾಫಿಯ ರುಚಿಯಲ್ಲ. ವೈಟ್‌ಫೀಲ್ಡಿನ ಕಪ್ಪಿನಲ್ಲೂ ಬಹುಪಾಲು ಇರುವುದು ಕಟ್ಟಡದ ಬಾಡಿಗೆ ಮತ್ತು ಹಣ ಹೂಡಿದವರ ನಿರೀಕ್ಷೆ. ರಾಗಿಯ ಹೊಲ, ದ್ರಾಕ್ಷಿಯ ತೋಟ ಇದ್ದ ನೆಲದ ಬಾಡಿಗೆಯನ್ನು ನಾವು ಕಪ್ಪಿನಲ್ಲಿ ಕುಡಿಯುತ್ತಿದ್ದೇವೆ.

ಈ ಅಂಗಡಿಗಳವರಿಗೆ ನಮ್ಮ ಬೇಡಿಕೆ ಒಂದೇ, ಖರ್ಚಿಲ್ಲದ್ದು. ಹಲಗೆಯ ಮೇಲೆ ಎತ್ತರವನ್ನು ಬರೆದ ಜಾಗದ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಈ ತೋಟದಲ್ಲಿ ದಿನಗೂಲಿ ಇಷ್ಟು, ಕಿಲೋ ಹಣ್ಣಿಗೆ ಇಷ್ಟು, ಬೆಳೆಗಾರನಿಗೆ ಮೂಟೆಗೆ ಕೊಟ್ಟದ್ದು ಇಷ್ಟು. ಹೆಚ್ಚು ಕೊಡುತ್ತೇವೆನ್ನುವವರಿಗೆ ಇದರಿಂದ ನಷ್ಟವೇನು? ಸೀಮೆಸುಣ್ಣ ನಾವೇ ಕೊಡುತ್ತೇವೆ.

ಕಾರ್ಖಾನೆಯವರಿಗೆ ಹೇಳುವುದು ಬೇರೆ. 1948ರ ಕಾರ್ಖಾನೆ ಕಾಯ್ದೆಯ 46ನೆಯ ಸೆಕ್ಷನ್ 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನು ಇರಬೇಕೆಂದಿತು. ಅದರ ಆಡಳಿತ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ ಜಾಗ ಕೊಟ್ಟಿತು; ತಿಂಡಿಯ ಬೆಲೆ ಕಟ್ಟುವಾಗ ಲೆಕ್ಕಕ್ಕೆ ಹಿಡಿಯಬಾರದ, ಮಾಲೀಕನೇ ಹೊರಬೇಕಾದ ಖರ್ಚುಗಳಿವೆಯೆಂದೂ ಒಪ್ಪಿತು. ಎಷ್ಟು ಕಾರ್ಖಾನೆಗಳಲ್ಲಿ ಆ ಸಮಿತಿ ಸಭೆ ಸೇರಿದ್ದುಂಟು? 2025ರ ನವೆಂಬರ್ 21ರಂದು ಜಾರಿಗೆ ತಂದ ಹೊಸ ಸಂಹಿತೆಗಳಲ್ಲಿ ಕಾರ್ಮಿಕನ ಕೈ ಕಟ್ಟುವ ಅಂಶಗಳು ಹಲವು, ಅವನ್ನು ಎದುರಿಸಲೇಬೇಕು. ಆದರೆ ಕ್ಯಾಂಟೀನಿನ ಮಟ್ಟಿಗೆ ಆ ಸಂಖ್ಯೆ 100ಕ್ಕೆ ಇಳಿದಿದೆ, ಗುತ್ತಿಗೆ ಕೂಲಿಯವರನ್ನೂ ಸೇರಿಸಿ ಎಣಿಸಬೇಕೆಂದಿದೆ. ಕೈಗೆ ಬಂದದ್ದನ್ನು ಬಿಡುವುದೇಕೆ? ಪೀಣ್ಯದ ಹತ್ತು, ಇಪ್ಪತ್ತು ಜನರ ಷೆಡ್ಡುಗಳಿಗೆ ಈ ಕಾನೂನು ತಟ್ಟುವುದಿಲ್ಲ. ಅಲ್ಲಿ ಬೀದಿಗೊಂದರಂತೆ ಸಹಕಾರಿ ಕ್ಯಾಂಟೀನು ಆಗಬೇಕು; ಜಾಗವನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೊಡಲಿ; ನಡೆಸುವ ಹೊಣೆಗೆ ಈಗ ಅಲ್ಲೇ ಗಾಡಿ ತಳ್ಳುತ್ತಿರುವವರನ್ನೇ ಸದಸ್ಯರನ್ನಾಗಿ ಮಾಡಿಕೊಳ್ಳಲಿ.

ಇದು ಆಗದ ಮಾತು ಎನ್ನುವ ಹಿರಿಯರು ನಮ್ಮಲ್ಲೂ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣಕ್ಕೆ 58 ವರ್ಷ ಕಾಯಿರಿ ಎಂಬ ನಿಯಮ ಬಂದಾಗ, ಯಾವ ನಾಯಕನೂ ಕರೆಯದೆ ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆಯುವಂತೆ ಮಾಡಿದರು. ಅವರಿಗೆ ಒಂದು ಒಳ್ಳೆಯ ಕಾಫಿ ದೊರಕಿಸುವುದು ಅದಕ್ಕಿಂತ ಕಷ್ಟವೆ?

ಅದರ ಲೆಕ್ಕವನ್ನೂ ಕೊಟ್ಟುಬಿಡುತ್ತೇವೆ, ಕ್ಯಾಂಟೀನ್ ಸಮಿತಿಯವರು ಬರೆದಿಟ್ಟುಕೊಳ್ಳಲಿ. ಕಿಲೋಗೆ ಸಾವಿರ ರೂಪಾಯಿಯ ಒಳ್ಳೆಯ ಪುಡಿಯನ್ನೇ ತಂದು ಲೋಟಕ್ಕೆ 10 ಗ್ರಾಂ ಹಾಕಿದರೆ 10 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದ ನಂತರದ ದರದಲ್ಲೂ 100 ಮಿಲಿಲೀಟರ್ ಹಾಲಿಗೆ ಐದು ರೂಪಾಯಿ ದಾಟದು. ಸಕ್ಕರೆಗೆ ಎಂಟಾಣೆ. ಗ್ಯಾಸು, ಜಾಗ, ಬಡಿಸುವವರ ಸಂಬಳ ಮಾಲೀಕನ ಖಾತೆಗೆ. ಹದಿನಾರು ರೂಪಾಯಿಗೆ ಲೋಟ ತುಂಬ, ಬೈ-ಟು ಮಾಡದೆ, ಚಿಕೋರಿ ಬೆರೆಸದ ಕಾಫಿ. ಮುಂದಿನ ಕೂಲಿ ಒಪ್ಪಂದದ ಮಾತುಕತೆಗೆ ಹೋಗುವ ಸಂಘಗಳು ಬೇಡಿಕೆ ಪಟ್ಟಿಯಲ್ಲಿ ಇದನ್ನೂ ಒಂದು ಸಾಲಾಗಿ ಸೇರಿಸಲಿ. ಪುಡಿಯನ್ನು ಯಾವ ತೋಟದಿಂದ, ಎಷ್ಟು ಕೂಲಿ ಕೊಡುವವರಿಂದ ತರಿಸಬೇಕೆಂಬುದನ್ನು ಸಮಿತಿಯಲ್ಲಿ ಕೂತು ಅವರೇ ತೀರ್ಮಾನಿಸಲಿ.